ಎಣಿಕೆಗೆ ಸಿಗದ ಕೆನ್ನಾಯಿ



ನಮ್ಮ ದೇಶದಲ್ಲಿ ಹುಲಿಗಳೆಷ್ಟಿವೆ ಎಂದು ಕೇಳಿದರೆ ಶಾಲೆಗೆ ಹೋಗುವ ಮಕ್ಕಳೂ ಹೇಳುತ್ತಾರೆ. 2022ರ ಗಣತಿಯ ಸರಾಸರಿ ಅಂದಾಜು 3,682. ಅದರಲ್ಲಿ ಕರ್ನಾಟಕದ್ದು 563. ನಾಲ್ಕು ವರ್ಷಕ್ಕೊಮ್ಮೆ ಈ ಲೆಕ್ಕ ಬರುತ್ತದೆ, ಪತ್ರಿಕೆಗಳ ಮುಖಪುಟದಲ್ಲಿ ಅಚ್ಚಾಗುತ್ತದೆ. ಮಧ್ಯಪ್ರದೇಶ ಮುಂದೋ ಕರ್ನಾಟಕ ಮುಂದೋ ಎಂದು ನಾವು ಹೆಮ್ಮೆಯಿಂದ ಚರ್ಚಿಸುತ್ತೇವೆ. ಅದೇ ಕಾಡಿನಲ್ಲಿ, ಅವೇ ಜಿಂಕೆ ಕಡವೆಗಳನ್ನು ಬೇಟೆಯಾಡಿ ಬದುಕುವ ಇನ್ನೊಂದು ಪ್ರಾಣಿಯಿದೆ. ಅದು ಎಷ್ಟಿದೆ ಎಂದು ಕೇಳಿದರೆ ಹುಲಿಯಂತೆ ಖಚಿತವಾಗಿ ಹೇಳುವ ರಾಷ್ಟ್ರೀಯ ಲೆಕ್ಕ ಇಲ್ಲ. ಆ ಪ್ರಾಣಿ ಕೆನ್ನಾಯಿ. ಮಲೆನಾಡಿನವರು ಸೀಳುನಾಯಿ ಎನ್ನುತ್ತಾರೆ, ಇನ್ನು ಕೆಲವು ಕಡೆ ಕಾಡುನಾಯಿ ಎಂದರೆ ಸಾಕು.

ಇರುವ ಒಂದು ಅಂದಾಜನ್ನು ಮೊದಲು ಹೇಳಿಬಿಡುತ್ತೇನೆ. ಜಗತ್ತಿನ ಅಳಿವಿನಂಚಿನ ಜೀವಿಗಳ ಕೆಂಪುಪಟ್ಟಿಯನ್ನು ಸಿದ್ಧಪಡಿಸುವ ಐಯುಸಿಎನ್ ಸಂಸ್ಥೆ 2015ರಲ್ಲಿ ಕೆನ್ನಾಯಿಯ ಸ್ಥಿತಿಯನ್ನು ಪರಿಶೀಲಿಸಿತು. ಇಡೀ ಏಷ್ಯಾ ಖಂಡದಲ್ಲಿ ಉಳಿದಿರುವ ಕೆನ್ನಾಯಿಗಳು 4,500ರಿಂದ 10,500ರ ನಡುವೆ ಇರಬಹುದು, ಅವುಗಳಲ್ಲಿ ಸಂತಾನ ಬೆಳೆಸುವ ಪ್ರಾಯದ ಪ್ರಾಣಿಗಳು 949ರಿಂದ 2,215 ಮಾತ್ರ ಎಂದು ಅದು ಅಂದಾಜಿಸಿತು. ಭಾರತವೊಂದರ ಹುಲಿಗಳ ಸಂಖ್ಯೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಒಂದು ಕಾಲದಲ್ಲಿ ರಷ್ಯಾ ಮತ್ತು ಮಧ್ಯ ಏಷ್ಯಾದಿಂದ ಇಂಡೋನೇಷ್ಯಾದ ಜಾವಾ ದ್ವೀಪದವರೆಗೆ ಹಬ್ಬಿದ್ದ ಪ್ರಾಣಿ ಇದು. ಅದು ಓಡಾಡುತ್ತಿದ್ದ ನೆಲದ ಮುಕ್ಕಾಲು ಪಾಲಿಗಿಂತ ಹೆಚ್ಚು ಭಾಗ ಈಗ ಅದರ ಪಾಲಿಗಿಲ್ಲ. ಉಳಿದ ನೆಲೆಗಳಲ್ಲಿ ಭಾರತ ಬಹು ಮುಖ್ಯವಾದದ್ದು. ಭಾರತದೊಳಗೆ ಪಶ್ಚಿಮಘಟ್ಟ, ಮಧ್ಯ ಭಾರತ ಮತ್ತು ಈಶಾನ್ಯದ ಕಾಡುಗಳು ಅದರ ಮೂರು ಆಸರೆಗಳು. ಹಾಗಾಗಿ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಭದ್ರಾ, ಕಾಳಿ ಕಾಡುಗಳನ್ನು ಪಡೆದಿರುವ ನಮ್ಮ ನಾಡಿಗೆ ಕೆನ್ನಾಯಿಯ ಅಳಿವು ಉಳಿವು ದೂರದ ಸುದ್ದಿಯಲ್ಲ.

ಇದನ್ನು ಹತ್ತಿರದಿಂದ ಕಂಡವರಿಗೆ ಅದರ ರೂಪ ಮರೆಯುವುದಿಲ್ಲ. ಕೆಂಗಂದು ಮೈ, ದುಂಡನೆಯ ಕಿವಿ, ದಟ್ಟ ಕೂದಲಿನ ಕಪ್ಪು ಬಾಲ. ತೂಕ ಹೆಚ್ಚೆಂದರೆ ಇಪ್ಪತ್ತು ಕಿಲೋ, ಹೆಣ್ಣಾದರೆ ಇನ್ನೂ ಕಡಿಮೆ. ನೋಡಲು ನಾಯಿಯಾದರೂ ನಮ್ಮ ಊರ ನಾಯಿಗೂ ತೋಳಕ್ಕೂ ಸೇರಿದ ಕುಲದ್ದಲ್ಲ. ಕ್ಯುವಾನ್ ಎಂಬ ಕುಲದಲ್ಲಿ ಇಂದು ಜೀವಂತವಾಗಿರುವ ಒಂದೇ ಒಂದು ಪ್ರಾಣಿ ಇದು. ನಾಯಿಗೆ ಕೆಳದವಡೆಯ ಎರಡೂ ಬದಿಯಲ್ಲಿ ಮೂರು ಮೂರು ಅರೆಯುವ ಹಲ್ಲುಗಳಿದ್ದರೆ ಇದಕ್ಕೆ ಎರಡೆರಡೇ. ಮಾಂಸವನ್ನು ಕತ್ತರಿಸಿ ಬೇಗ ನುಂಗುವುದಕ್ಕೆ ಒಗ್ಗಿದ ದವಡೆ ಅದು. ಇದು ಬೊಗಳುವುದೂ ಇಲ್ಲ. ಪೊದೆಗಳ ನಡುವೆ ಚದುರಿಹೋದ ಹಿಂಡು ಮತ್ತೆ ಒಂದುಗೂಡಲು ಸಿಳ್ಳೆ ಹಾಕಿದಂಥ ದನಿ ಹೊರಡಿಸುತ್ತದೆ. ಕಾಡಂಚಿನ ಜನ ಆ ಸಿಳ್ಳೆ ಕೇಳಿಯೇ ಹಿಂಡು ಯಾವ ಕಡೆ ಸಾಗುತ್ತಿದೆ ಎಂದು ಹೇಳಬಲ್ಲರು.

ಹುಲಿ, ಚಿರತೆ ಒಂಟಿಯಾಗಿ ಹೊಂಚು ಹಾಕಿದರೆ ಕೆನ್ನಾಯಿ ಹಿಂಡಾಗಿ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ಬೇಟೆಗೆ ಅದು ಬೆಳಗು ಮತ್ತು ಸಂಜೆಯ ಬೆಳಕನ್ನು ನಂಬುತ್ತದೆ. ಹೀಗಾಗಿ ಒಂದೇ ಕಾಡಿನಲ್ಲಿ ಮೂರು ದೊಡ್ಡ ಬೇಟೆಗಾರರಿಗೂ ಜಾಗ ಸಿಗುತ್ತದೆ. ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ಮಾಡಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂಕಿಗಳಲ್ಲಿ ತೋರಿಸಿತು. ಅಲ್ಲಿ ಹುಲಿ ಕೊಲ್ಲುವ ಪ್ರಾಣಿಯ ಸರಾಸರಿ ತೂಕ ತೊಂಬತ್ತು ಕಿಲೋ ದಾಟುತ್ತಿತ್ತು, ಕೆನ್ನಾಯಿಯದು ಸುಮಾರು 43 ಕಿಲೋ, ಚಿರತೆಯದು ಸುಮಾರು 38. ಕಾಟಿ, ದೊಡ್ಡ ಕಡವೆಗಳ ಮೇಲೆ ಹುಲಿಯ ಕಣ್ಣು. ಚುಕ್ಕೆ ಜಿಂಕೆಯೇ ಕೆನ್ನಾಯಿಯ ದಿನನಿತ್ಯದ ಊಟ. ಗಾತ್ರದಲ್ಲಿ ಬಗೆಬಗೆಯ ಗೊರಸಿನ ಪ್ರಾಣಿಗಳು ತುಂಬಿರುವ ಕಾಡು ಮೂವರನ್ನೂ ಸಾಕುತ್ತದೆ. ಜಿಂಕೆ ಕಡಿಮೆಯಾದ ಕಾಡಿನಲ್ಲಿ ಮೊದಲು ಸೊರಗುವುದು ಕೆನ್ನಾಯಿಯ ಹಿಂಡು.

ಆ ಹಿಂಡಿನೊಳಗಿನ ಬದುಕು ಅಚ್ಚರಿ ಹುಟ್ಟಿಸುವಂಥದ್ದು. ಸಾಮಾನ್ಯವಾಗಿ ಹಿಂಡಿನ ಮುಖ್ಯ ಹೆಣ್ಣೊಂದೇ ಮರಿ ಹಾಕುತ್ತದೆ. ನಮ್ಮ ದಕ್ಷಿಣದ ಕಾಡುಗಳಲ್ಲಿ ಚಳಿಗಾಲದ ಹೊತ್ತಿಗೆ, ಎರಡು ತಿಂಗಳ ಗರ್ಭ ತುಂಬಿದ ಮೇಲೆ, ಬಂಡೆಯ ಸಂದಿನಲ್ಲೋ ಹಳ್ಳದ ದಂಡೆಯ ಬಿಲದಲ್ಲೋ ಐದಾರು, ಕೆಲವೊಮ್ಮೆ ಎಂಟು ಹತ್ತು ಮರಿಗಳು ಹುಟ್ಟುತ್ತವೆ. ಅಲ್ಲಿಂದ ಮುಂದೆ ಅವು ಇಡೀ ಹಿಂಡಿನ ಮಕ್ಕಳು. ಬೇಟೆಗೆ ಹೋದ ದೊಡ್ಡವು ಹೊಟ್ಟೆಯಲ್ಲಿ ಮಾಂಸ ಹೊತ್ತು ತಂದು ತಾಯಿಗೂ ಮರಿಗಳಿಗೂ ಕಕ್ಕಿ ಉಣಿಸುತ್ತವೆ. ಒಂದೆರಡು ಬಿಲದ ಬಳಿ ಕಾವಲಿಗೆ ಉಳಿಯುತ್ತವೆ. ಮರಿಗಳು ಹಿಂಡಿನ ಜೊತೆ ಓಡಾಡಲು ಕಲಿತ ಮೇಲೂ, ಬೇಟೆ ಬಿದ್ದ ಜಾಗದಲ್ಲಿ ಮೊದಲ ತುತ್ತು ಅವಕ್ಕೆ. ದೊಡ್ಡವು ಪಕ್ಕಕ್ಕೆ ಸರಿದು ಕಾಯುತ್ತವೆ.

ಇಂಥ ಪ್ರಾಣಿಯನ್ನು ನಾವು ಸುಮಾರು ಒಂದು ಶತಮಾನ ಕಾಲ ದ್ವೇಷಿಸಿದೆವು. ಕಾರಣ ಅದು ಕೊಲ್ಲುವ ರೀತಿ. ಹುಲಿ ಗಂಟಲು ಹಿಡಿದು ಉಸಿರು ಕಟ್ಟಿಸುತ್ತದೆ. ಕೆನ್ನಾಯಿಗೆ ಅಷ್ಟು ದೊಡ್ಡ ಬಾಯಿಯೂ ಇಲ್ಲ, ಅಂಥ ಪಂಜವೂ ಇಲ್ಲ. ಹಿಂಡು ಒಟ್ಟಾಗಿ ಜಿಂಕೆಯನ್ನು ಕೆಡವಿ, ಸಾಯುವ ಮೊದಲೇ ತಿನ್ನತೊಡಗುತ್ತದೆ. ಜಿಂಕೆಯಂಥ ಪ್ರಾಣಿ ಕೆಲವೇ ನಿಮಿಷಗಳಲ್ಲಿ ಪ್ರಾಣ ಬಿಟ್ಟರೂ ನೋಡುವವರಿಗೆ ಅದು ಕ್ರೌರ್ಯದ ಪರಮಾವಧಿಯಾಗಿ ಕಂಡಿತು. ಬಂದೂಕು ಹಿಡಿದ ಬಿಳಿಯ ಶಿಕಾರಿಗಳು ತಮ್ಮ ಪುಸ್ತಕಗಳಲ್ಲಿ ಅದನ್ನು ಕಾಡಿನ ಪಿಡುಗು ಎಂಬಂತೆ ಚಿತ್ರಿಸಿದರು. ಕಿಪ್ಲಿಂಗ್ ಬರೆದು 1895ರಲ್ಲಿ ಪ್ರಕಟವಾದ ಎರಡನೆಯ ಜಂಗಲ್ ಬುಕ್‌ನಲ್ಲಿ ಕೆನ್ನಾಯಿಗಳ ದಂಡು ಬಂದರೆ ಇಡೀ ಕಾಡೇ ದಾರಿ ಬಿಡುತ್ತದೆ. ನಮ್ಮ ಕಡೆಯ ಜನರಲ್ಲೂ ಒಂದು ನಂಬಿಕೆ ಹರಡಿತ್ತು: ಸೀಳುನಾಯಿಗಳು ಪೊದೆಗಳ ಮೇಲೆ ಮೂತ್ರ ಮಾಡಿ, ಬೇಟೆಯ ಕಣ್ಣಿಗೆ ಅದು ಸಿಡಿಯುವಂತೆ ಮಾಡಿ ಕುರುಡಾಗಿಸುತ್ತವೆ ಎಂದು. ಅದಕ್ಕೆ ಯಾವ ಆಧಾರವೂ ಇಲ್ಲ.

ಬೇಟೆಯ ಜಿಂಕೆಗಳನ್ನು ಇವು ತಿಂದು ಮುಗಿಸುತ್ತವೆ ಎಂಬ ಲೆಕ್ಕದಲ್ಲಿ ಬ್ರಿಟಿಷ್ ಆಡಳಿತ ಕೆನ್ನಾಯಿಯ ತಲೆಗೆ ಬಹುಮಾನ ಕಟ್ಟಿತು. ಚರ್ಮವನ್ನೋ ಬಾಲವನ್ನೋ ತಂದು ತೋರಿಸಿದವರಿಗೆ ಹಣ. ಗುಂಡು, ವಿಷ, ಬಲೆ ಎಲ್ಲವೂ ನಡೆಯಿತು. ಬಿಲದೊಳಗಿನ ಮರಿಗಳನ್ನೂ ಬಿಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಈ ಪದ್ಧತಿ ಹಲವೆಡೆ ಮುಂದುವರಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲಷ್ಟೇ ಅದಕ್ಕೆ ಕಾನೂನಿನ ಕಾವಲು ದೊರೆತದ್ದು. ಗಮನಿಸಿ: ಅಷ್ಟು ಕಾಲ ಸರ್ಕಾರದ ಕಡತಗಳಲ್ಲಿ ಕೆನ್ನಾಯಿಯ ಲೆಕ್ಕ ಇತ್ತು. ಅದು ಸತ್ತ ಕೆನ್ನಾಯಿಗಳ ಲೆಕ್ಕ. ಕೊಲ್ಲುವುದು ನಿಂತ ದಿನ ಆ ಲೆಕ್ಕವೂ ನಿಂತಿತು. ಬದುಕಿರುವ ಕೆನ್ನಾಯಿಗಳನ್ನು ಎಣಿಸುವ ಲೆಕ್ಕ ಅದರ ಜಾಗಕ್ಕೆ ಬರಲಿಲ್ಲ. ಇದೇ ನನ್ನ ಇಂದಿನ ಮಾತಿನ ತಿರುಳು.

ತಪ್ಪು ತಿಳಿವಳಿಕೆಯನ್ನು ತೊಳೆಯುವ ಕೆಲಸ ನಮ್ಮ ಕಾಡಿನಲ್ಲೇ ನಡೆಯಿತು ಎಂಬುದು ನಾವು ಅಭಿಮಾನ ಪಡಬೇಕಾದ ವಿಷಯ. ನೀಲಗಿರಿಯ ಇ. ಆರ್. ಸಿ. ದಾವಿದಾರ್ ಅವರಂಥ ನಿಸರ್ಗಪ್ರಿಯರು ಕೆನ್ನಾಯಿಯ ನಡವಳಿಕೆಯನ್ನು ಸಾವಧಾನದಿಂದ ಗಮನಿಸಿ 1970ರ ದಶಕದಲ್ಲಿ ಬರೆದರು. ಅದೇ ದಶಕದಲ್ಲಿ, 1976ರಿಂದ 1978ರವರೆಗೆ, ಎ. ಜೆ. ಟಿ. ಜಾನ್‌ಸಿಂಗ್ ಬಂಡೀಪುರದ ಕಾಡಿನಲ್ಲಿ ಕಾಲ್ನಡಿಗೆಯಲ್ಲಿ ಹಿಂಡಿನ ಬೆನ್ನು ಹತ್ತಿದರು. ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಪ್ರಾಣಿಯನ್ನು ಹುಡುಕುವ ಸೌಕರ್ಯ ಅವರಿಗಿರಲಿಲ್ಲ. ಹದ್ದುಗಳು ಇಳಿಯುವ ಕಡೆ ಹೋಗಿ ಬೇಟೆ ಹುಡುಕಿ, ಹಿಕ್ಕೆ ಸಂಗ್ರಹಿಸಿ, ಮರಿಗಳಿರುವ ಬಿಲಗಳನ್ನು ದೂರದಿಂದ ಕಾದು ಕುಳಿತು ಅವರು ಬರೆದದ್ದು ಜಗತ್ತಿನ ವಿಜ್ಞಾನಿಗಳಿಗೆ ಇಂದಿಗೂ ಆಧಾರ. ಕೆನ್ನಾಯಿ ಮನಸ್ಸಿಗೆ ಬಂದಂತೆ ಕೊಂದು ಬಿಸಾಡುವುದಿಲ್ಲ, ಅದು ಹೋದಲ್ಲಿ ಜಿಂಕೆ ನಿರ್ನಾಮವಾಗುವುದಿಲ್ಲ ಎಂಬುದು ಆ ಕೆಲಸದಿಂದ ಸ್ಪಷ್ಟವಾಯಿತು. ಜಾನ್‌ಸಿಂಗ್ 2024ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ಬಂಡೀಪುರ, ಮುದುಮಲೈ ಕಾಡುಗಳಲ್ಲಿ ವರ್ಷಗಟ್ಟಲೆ ಹಿಂಡುಗಳನ್ನು ಹಿಂಬಾಲಿಸಿದ ನಮ್ಮ ಕೃಪಾಕರ ಮತ್ತು ಸೇನಾನಿ ತಮ್ಮ ಚಲನಚಿತ್ರಗಳ ಮೂಲಕ ಅದನ್ನು ಜಗತ್ತಿಗೆ ತೋರಿಸಿದರು, 'ಕೆನ್ನಾಯಿಯ ಜಾಡಿನಲ್ಲಿ' ಪುಸ್ತಕದ ಮೂಲಕ ಕನ್ನಡಿಗರ ಮನೆಗೆ ತಂದರು. ಹಾಗಾಗಿ ಕೆನ್ನಾಯಿ ಎಂದರೆ ಏನು ಎಂದು ತಿಳಿಯಲು ಕನ್ನಡದ ಓದುಗ ಹೊರಗೆಲ್ಲೂ ಹೋಗಬೇಕಿಲ್ಲ.

ಇಷ್ಟು ತಿಳಿದ ಮೇಲೂ ಎಣಿಕೆ ಏಕೆ ಆಗಿಲ್ಲ? ಹುಲಿಯ ಮೈಮೇಲಿನ ಪಟ್ಟೆ ಒಂದರಂತೆ ಇನ್ನೊಂದಕ್ಕಿಲ್ಲ. ಕಾಡುದಾರಿಯಲ್ಲಿ ಕಟ್ಟಿದ ಕ್ಯಾಮೆರಾದ ಮುಂದೆ ಅದು ಒಮ್ಮೆ ಹಾದುಹೋದರೆ ಸಾಕು, ಯಾವ ಹುಲಿ ಎಂದು ಗುರುತಿಸಬಹುದು. ಚಿರತೆಯ ಚುಕ್ಕೆಗೂ ಇದೇ ಮಾತು. ಕೆನ್ನಾಯಿಯ ಮೈಮೇಲೆ ಗುರುತೇ ಇಲ್ಲ. ಹತ್ತು ಪ್ರಾಣಿಗಳ ಹತ್ತು ಚಿತ್ರ ಸಿಕ್ಕರೆ ಅವು ಹತ್ತೋ, ಎರಡೇ ಮತ್ತೆ ಮತ್ತೆ ಬಂದವೋ ತಿಳಿಯದು. ಕಣ್ಣಿಗೆ ಬಿದ್ದ ಹಿಂಡನ್ನು ಎಣಿಸೋಣವೆಂದರೆ ಹಿಂಡು ಒಂದು ದಿನ ಹದಿನೈದಾಗಿ ಕಾಣಿಸುತ್ತದೆ, ಮರುದಿನ ಎರಡಾಗಿ ಒಡೆದಿರುತ್ತದೆ.

ದಾರಿ ಇಲ್ಲವೆಂದಲ್ಲ. ಕೆನ್ನಾಯಿಗಳು ಕಾಡುರಸ್ತೆಗಳ ಮೇಲೆ, ದಾರಿಗಳು ಕೂಡುವ ಕಡೆ ಹಿಕ್ಕೆ ಹಾಕುತ್ತವೆ. ಆ ಹಿಕ್ಕೆಯಲ್ಲಿ ಪ್ರಾಣಿಯ ಡಿಎನ್‌ಎ ಇರುತ್ತದೆ. ಅದನ್ನು ಪ್ರಯೋಗಾಲಯದಲ್ಲಿ ಓದಿದರೆ ಯಾವ ಪ್ರಾಣಿಯ ಹಿಕ್ಕೆ ಯಾವುದು ಎಂದು ಒಂದೊಂದಾಗಿ ಬೇರ್ಪಡಿಸಬಹುದು. ನಮ್ಮ ಬಂಡೀಪುರ, ನಾಗರಹೊಳೆಗಳಿಗೆ ಅಂಟಿಕೊಂಡೇ ಇರುವ ಕೇರಳದ ವಯನಾಡು ಅಭಯಾರಣ್ಯದಲ್ಲಿ ಅರ್ಜುನ್ ಶ್ರೀವತ್ಸ ಮತ್ತು ಸಂಗಡಿಗರು ಈ ವಿಧಾನವನ್ನು ಬಳಸಿ, ಅಲ್ಲಿ ಸುಮಾರು 50 ಕೆನ್ನಾಯಿಗಳಿವೆ ಎಂದು ಅಂದಾಜಿಸಿ 2021ರಲ್ಲಿ ಪ್ರಕಟಿಸಿದರು. ಪ್ರಾಣಿಯನ್ನು ಹಿಡಿಯದೆ, ಅದಕ್ಕೆ ತೊಂದರೆ ಕೊಡದೆ ಮಾಡಿದ ಎಣಿಕೆ ಇದು. ಗಡಿಯ ಆಚೆ ಆದದ್ದು ಈಚೆ ಏಕೆ ಆಗಬಾರದು?

ಎಣಿಕೆ ಏಕೆ ಬೇಕು ಎಂದರೆ, ಲೆಕ್ಕವಿಲ್ಲದ ಪ್ರಾಣಿ ಕಡಿಮೆಯಾದದ್ದು ಯಾರ ಗಮನಕ್ಕೂ ಬರುವುದಿಲ್ಲ. ಒಂದು ಹುಲಿ ಸತ್ತರೆ ಮರಣೋತ್ತರ ಪರೀಕ್ಷೆ ನಡೆಯುತ್ತದೆ, ವರದಿ ದೆಹಲಿಗೆ ಹೋಗುತ್ತದೆ. ಕೆನ್ನಾಯಿಯ ಒಂದು ಹಿಂಡು ಪೂರ್ತಿ ಸತ್ತರೂ, ಈ ವರ್ಷ ಕೆನ್ನಾಯಿ ಕಾಣಲಿಲ್ಲವಲ್ಲ ಎಂದು ಯಾರೋ ಒಬ್ಬ ಕಾವಲುಗಾರ ಅಂದುಕೊಂಡಲ್ಲಿಗೆ ಮುಗಿಯುತ್ತದೆ.

ಹಿಂಡು ಪೂರ್ತಿ ಸಾಯುವುದು ನನ್ನ ಕಲ್ಪನೆಯಲ್ಲ. ಅಪಾಯಗಳಲ್ಲಿ ಮೊದಲು ಹೇಳಬೇಕಾದದ್ದು ರೋಗ. ಊರ ನಾಯಿಗಳಿಂದ ಹಬ್ಬುವ ಹುಚ್ಚು, ಡಿಸ್ಟೆಂಪರ್, ಕಜ್ಜಿ ಇವೆಲ್ಲ ಕೆನ್ನಾಯಿಗೂ ತಗಲುತ್ತವೆ. ಮೈಗೆ ಮೈ ತಾಗಿಸಿ ಮಲಗುವ, ಒಂದೇ ಬೇಟೆಗೆ ಬಾಯಿ ಹಾಕುವ ಪ್ರಾಣಿಗಳಲ್ಲಿ ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರಲು ಹೊತ್ತು ಬೇಕಿಲ್ಲ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಕೆಲವುಗಳ ದೇಹದಲ್ಲಿ ಡಿಸ್ಟೆಂಪರ್ ವೈರಸ್ ಪತ್ತೆಯಾಯಿತು. ಸಿಂಹಗಳಾದ್ದರಿಂದ ದೇಶಕ್ಕೆ ಗೊತ್ತಾಯಿತು. ನಮ್ಮ ಕಾಡಂಚಿನ ಹಳ್ಳಿಗಳಲ್ಲಿ, ರೆಸಾರ್ಟುಗಳ ಕಸದ ಸುತ್ತ, ಹೆದ್ದಾರಿ ಬದಿಯ ಹೋಟೆಲುಗಳ ಹಿಂದೆ ನಾಯಿಗಳು ಹೆಚ್ಚುತ್ತಲೇ ಇವೆ. ಅವು ಕಾಡಿನೊಳಕ್ಕೆ ನುಗ್ಗಿ ಜಿಂಕೆಮರಿಗಳನ್ನು ಅಟ್ಟುತ್ತವೆ, ಕೆನ್ನಾಯಿ ನೀರು ಕುಡಿಯುವ ಕೆರೆಯಲ್ಲೇ ನೀರು ಕುಡಿಯುತ್ತವೆ.

ಎರಡನೆಯದು ಹಸಿವು. ಪಶ್ಚಿಮಘಟ್ಟದ ಕರ್ನಾಟಕ ಭಾಗದಲ್ಲಿ ಸುಮಾರು 38,000 ಚದರ ಕಿಲೋಮೀಟರ್ ಹರವಿನಲ್ಲಿ ಕೆನ್ನಾಯಿಯ ಜಾಡು ಹುಡುಕಿದ ಸಮೀಕ್ಷೆಯೊಂದು 2014ರಲ್ಲಿ ಪ್ರಕಟವಾಯಿತು. ಜಿಂಕೆ, ಕಡವೆಗಳು ಚೆನ್ನಾಗಿರುವ ಕಡೆ ಕೆನ್ನಾಯಿ ಇದೆ, ಜಾನುವಾರುಗಳ ಸಂಚಾರ ಹೆಚ್ಚಿರುವ ಕಡೆ ಅದು ಕಡಿಮೆ ಎಂಬುದು ಅದರ ಸಾರ. ಕಳ್ಳಬೇಟೆಯವರು ಉರುಳು ಹಾಕಿ ಹಿಡಿಯುವ ಒಂದೊಂದು ಜಿಂಕೆಯೂ ಹಿಂಡಿನ ಬಾಯಿಂದ ಕಸಿದದ್ದೇ. ಆ ಉರುಳಿಗೆ ಕೆನ್ನಾಯಿಯೇ ಬೀಳುವುದೂ ಉಂಟು. ಕೆಲವು ಕಡೆ ಅದು ಕೊಂದ ಜಿಂಕೆಯನ್ನೇ ಜನ ಕೂಗಾಡಿ ಓಡಿಸಿ ಹೊತ್ತೊಯ್ಯುತ್ತಾರೆ. ಬಿಲದಲ್ಲಿ ಮರಿಗಳು ಕಾಯುತ್ತಿರುವ ದಿನಗಳಲ್ಲಿ ಹೀಗಾದರೆ ದಣಿದ ಹಿಂಡು ಮತ್ತೊಂದು ಬೇಟೆಗೆ ಹೊರಡಬೇಕು.

ಮೂರನೆಯದು ರಸ್ತೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಅದು ಎಷ್ಟೋ ಪ್ರಾಣಿಗಳ ಜೀವ ಉಳಿಸಿರುವ ಒಳ್ಳೆಯ ಕ್ರಮ, ಅದನ್ನು ಸಡಿಲಿಸಬೇಕೆಂಬ ಒತ್ತಾಯಕ್ಕೆ ನಾವು ಮಣಿಯಬಾರದು. ಆದರೆ ಕೆನ್ನಾಯಿ ಹಗಲಿನ ಬೇಟೆಗಾರ ಎಂಬುದು ನೆನಪಿರಲಿ. ಗೇಟು ತೆರೆದ ಕೂಡಲೇ ವಾಹನಗಳು ನುಗ್ಗುವ ಆ ನಸುಕಿನ ಹೊತ್ತೇ ಅದು ರಸ್ತೆ ದಾಟುವ ಹೊತ್ತು. ಇದಕ್ಕೆ ರಾತ್ರಿಯ ತಡೆ ಸಾಲದು, ಹಗಲಿನ ವೇಗ ತಗ್ಗಬೇಕು.

ಇಲ್ಲಿ ದನಗಾಹಿಗಳ ಮಾತನ್ನೂ ಕೇಳಬೇಕು. ಕಾಡಿನ ಅಂಚಿನಲ್ಲಿ ಕೆನ್ನಾಯಿ ಕರುವನ್ನೋ ಆಡನ್ನೋ ಹಿಡಿಯುವುದು ಉಂಟು. ಬಡವನ ಮನೆಯ ಒಂದು ಕರು ಎಂದರೆ ಅದು ಮನೆಯ ಆದಾಯ, ಮನೆಯ ಮಗು. ಆ ನಷ್ಟವನ್ನು ಸಣ್ಣದು ಎಂದು ತಳ್ಳಿಹಾಕುವ ಹಕ್ಕು ಪಟ್ಟಣದಲ್ಲಿ ಕೂತ ನಮಗಿಲ್ಲ. ಪರಿಹಾರದ ಹಣ ತಿಂಗಳುಗಟ್ಟಲೆ ತಡವಾದರೆ, ಸತ್ತ ಕರುವಿನ ಮೈಗೆ ವಿಷ ಸವರುವ ಯೋಚನೆ ಬರುತ್ತದೆ. ಒಂದೇ ಹೆಣಕ್ಕೆ ಇಡೀ ಹಿಂಡು ಬಾಯಿ ಹಾಕುವುದರಿಂದ ಒಂದು ಹಿಡಿ ವಿಷ ಒಂದು ಸಂಸಾರವನ್ನೇ ಅಳಿಸುತ್ತದೆ. ಹಾಗಾಗಿ ಸಕಾಲಕ್ಕೆ ಕೈಸೇರುವ ಪರಿಹಾರವೇ ಕೆನ್ನಾಯಿಗೆ ನಾವು ಕೊಡಬಹುದಾದ ಗಟ್ಟಿ ರಕ್ಷಣೆ.

ವಿಷ ಹಾಕಿದರೆ ಏನಾಗುತ್ತದೆ ಎಂಬುದನ್ನು ನೆರೆಯ ಭೂತಾನ ಅನುಭವಿಸಿ ಕಲಿತಿದೆ. ಅಲ್ಲಿ ದನಗಳನ್ನು ಕೊಲ್ಲುತ್ತವೆಂದು 1970, 80ರ ದಶಕಗಳಲ್ಲಿ ಕೆನ್ನಾಯಿಗಳಿಗೆ ವಿಷವಿಟ್ಟು ದೇಶದ ಬಹುಪಾಲಿನಿಂದ ಅಳಿಸಿಹಾಕಿದರು. ಮುಂದೆ ಕಾಡುಹಂದಿಗಳು ಹೆಚ್ಚಿ ರೈತರ ಬೆಳೆ ಹಾಳುಮಾಡತೊಡಗಿದವು. ಹಂದಿಯ ಮರಿಗಳನ್ನು ಹಿಡಿದು ಸಂಖ್ಯೆಗೆ ಕಡಿವಾಣ ಹಾಕುತ್ತಿದ್ದವರಲ್ಲಿ ಕೆನ್ನಾಯಿಯೂ ಒಂದು ಎಂಬುದು ಆಮೇಲೆ ಅರಿವಾಯಿತು. 1990ರ ದಶಕದಲ್ಲಿ ಕೆನ್ನಾಯಿಗಳು ಮತ್ತೆ ಕಾಣಿಸಿಕೊಂಡವು. ನಮ್ಮ ಮಲೆನಾಡಿನಲ್ಲಿ, ಹಳೇ ಮೈಸೂರಿನ ಕಾಡಂಚಿನಲ್ಲಿ ಹಂದಿ ಕಾಟದಿಂದ ರಾತ್ರಿಯಿಡೀ ಗದ್ದೆ ಕಾಯುವ ರೈತರು ಈ ಕಥೆಯನ್ನು ಒಮ್ಮೆ ಯೋಚಿಸಬೇಕು. ಸೀಳುನಾಯಿ ಅವರ ಕಡೆಯ ಪ್ರಾಣಿ.

ಹಾಗಾದರೆ ಮಾಡಬೇಕಾದದ್ದೇನು? ಕೆನ್ನಾಯಿಗೆಂದು ಹೊಸ ಕಾಡು ಕಟ್ಟಬೇಕಾಗಿಲ್ಲ. ಹುಲಿ ಯೋಜನೆಯಿಂದ ಇದಕ್ಕೂ ನೆರಳು ಸಿಕ್ಕಿದೆ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2000ದ ದಶಕದ ಆರಂಭದಲ್ಲಿ ಒಪ್ಪಿ, ಹೊರಗೆ ಜಮೀನು ಮನೆ ಪಡೆದು ಹೋದವು. ಹುಲಿಯ ಹೆಸರಿನಲ್ಲಿ ನಡೆದ ಅಂಥ ಕೆಲಸ ಜಿಂಕೆಗೂ ಕಡವೆಗೂ ಒಳ್ಳೆಯದು, ಅವನ್ನು ನಂಬಿದ ಕೆನ್ನಾಯಿಗೂ ಒಳ್ಳೆಯದು. ಆದರೆ ಕೆನ್ನಾಯಿ ಹುಲಿ ಅಭಯಾರಣ್ಯದ ಗಡಿಯೊಳಗೇ ಇರುವ ಪ್ರಾಣಿಯಲ್ಲ. ಕೊಡಗಿನ ಕಾಫಿ ತೋಟದ ಅಂಚಿನಲ್ಲಿ, ಉತ್ತರ ಕನ್ನಡದ ಮೀಸಲು ಅರಣ್ಯದಲ್ಲಿ, ಯಾವ ಹೆಸರೂ ಇಲ್ಲದ ಕಾಡಿನ ತುಂಡುಗಳಲ್ಲಿ ಅದು ಓಡಾಡುತ್ತದೆ. ಪ್ರಾಯಕ್ಕೆ ಬಂದ ಕೆನ್ನಾಯಿ ಹುಟ್ಟಿದ ಹಿಂಡನ್ನು ಬಿಟ್ಟು ಹೊಸ ಸಂಗಾತಿಯನ್ನು ಹುಡುಕಿ ಹೊರಡುವಾಗ ಅದಕ್ಕೆ ದಾರಿಯಾಗುವುದು ಈ ತುಂಡುಗಳೇ.

ಆದ್ದರಿಂದ ನಾಲ್ಕು ಕೆಲಸಗಳನ್ನು ಕೇಳಿಕೊಳ್ಳುತ್ತೇನೆ. ಕಾಡಂಚಿನ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಪಶುವೈದ್ಯ ಇಲಾಖೆ ಮತ್ತು ಅರಣ್ಯ ಇಲಾಖೆ ಕೂಡಿ ಊರ ನಾಯಿಗಳಿಗೆ ಹುಚ್ಚು ಮತ್ತು ಡಿಸ್ಟೆಂಪರ್ ಲಸಿಕೆ ಹಾಕಿಸಲಿ, ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಸಲಿ. ಇದರಿಂದ ಆ ಊರಿನ ಮಕ್ಕಳಿಗೂ ಹುಚ್ಚುನಾಯಿಯ ಭಯ ತಪ್ಪುತ್ತದೆ. ಮರಿ ಸಾಕುವ ಚಳಿಗಾಲದ ತಿಂಗಳುಗಳಲ್ಲಿ ಬಿಲಗಳಿರುವ ಜಾಗಕ್ಕೆ ಸಫಾರಿ ವಾಹನಗಳನ್ನೂ ಕ್ಯಾಮೆರಾ ಹಿಡಿದವರನ್ನೂ ಬಿಡದಿರಲಿ, ಚಿತ್ರ ತೆಗೆದವರು ಜಾಗದ ಗುರುತು ಹರಡದಿರಲಿ. ದನ ಕಳೆದುಕೊಂಡವರಿಗೆ ಪರಿಹಾರ ತಡವಿಲ್ಲದೆ ಸಿಗಲಿ. ಕೊನೆಯದಾಗಿ, ಹುಲಿ ಗಣತಿಗೆ ಕಾಡೆಲ್ಲ ನಡೆಯುವ ಅದೇ ಸಿಬ್ಬಂದಿ ಕೆನ್ನಾಯಿಯ ಹಿಕ್ಕೆಯನ್ನೂ ಸಂಗ್ರಹಿಸಲಿ. ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ ಅದನ್ನು ಓದಬಲ್ಲ ಪ್ರಯೋಗಾಲಯಗಳಿವೆ. ಹೊಸದಾಗಿ ಬೇಕಾದದ್ದು ಒಂದು ಆದೇಶ ಮತ್ತು ಸ್ವಲ್ಪ ಹಣ.

ಕೇಳುಗರಾದ ನಮ್ಮ ಪಾಲೂ ಇದೆ. ಕಾಡಿನ ರಸ್ತೆಯಲ್ಲಿ ಬೆಳಗಿನ ಹೊತ್ತು ವಾಹನದ ವೇಗ ಇಳಿಸೋಣ. ಅಲ್ಲಿ ಊಟದ ಎಲೆ ಎಸೆದು ನಾಯಿಗಳನ್ನು ಕರೆಯದಿರೋಣ. ಸಫಾರಿಯಲ್ಲಿ ಹುಲಿ ಕಾಣಲಿಲ್ಲ, ಬರೀ ಕಾಡುನಾಯಿ ಕಂಡಿತು ಎಂದು ಬೇಸರದಿಂದ ಹೇಳುವುದನ್ನು ಬಿಡೋಣ. ಕಂಡದ್ದೂ ಅಪರೂಪದ ಪ್ರಾಣಿಯೇ. ಸತ್ತ ಕೆನ್ನಾಯಿಗೆ ದುಡ್ಡು ಕೊಟ್ಟು ಲೆಕ್ಕ ಬರೆದ ನಾಡು ನಮ್ಮದು. ಬದುಕಿರುವ ಕೆನ್ನಾಯಿಯ ಲೆಕ್ಕ ಬರೆಯುವುದು ಈ ಪೀಳಿಗೆ ತೀರಿಸಬೇಕಾದ ಸಾಲ. ಮುಂದಿನ ಗಣತಿಯ ವರದಿ ಬಂದಾಗ ಕರ್ನಾಟಕದಲ್ಲಿ ಹುಲಿಗಳೆಷ್ಟು ಎಂದು ಕೇಳುವ ಪ್ರತಿಯೊಬ್ಬರೂ ಕೆನ್ನಾಯಿಗಳೆಷ್ಟು ಎಂದೂ ಕೇಳಬೇಕು. ಕೇಳುವವರು ಹೆಚ್ಚಾದರೆ ಎಣಿಸುವವರು ಹುಟ್ಟುತ್ತಾರೆ.